ಹಾಲುಮಕ್ಕಳ ದಂಡು

ಅಕ್‌ಬುಲಾಕ್ ಕೋಟೆಯ ಒಡೆಯ ತುಲುನ್ ಬೇಗನಿಗೆ ರಕ್ತದಿಂದ ಉಳಿದ ಮಗುವೆಂದರೆ ಒಬ್ಬಳೇ ಮಗಳು, ಸೆವಿಂಚ್. ಹಾಲಿನಿಂದ ಹುಟ್ಟಿದ ಗಂಡುಮಕ್ಕಳು ಮಾತ್ರ ಕಣಿವೆಯ ಉದ್ದಕ್ಕೂ, ಕೋಟೆಗೊಬ್ಬರಂತೆ ಇದ್ದರು.

ಅದು ಶುರುವಾದದ್ದು ದುಃಖದಲ್ಲಿ. ಬೇಗನ ಹೆಂಡತಿ ಜುಮ್ರದ್ ಬೀಬಿ ಹೆತ್ತ ಮೊದಲ ಎರಡು ಗಂಡುಕೂಸುಗಳು ಹೆಜ್ಜೆ ಇಡುವ ಮೊದಲೇ ಮಣ್ಣು ಸೇರಿದವು. ಕೂಸು ಹೋಯಿತು, ಹಾಲು ಉಳಿಯಿತು. ಆಗ ಯಾರೋ ನೆರೆಯ ಬೇಗ್ ತಾಯಿಯಿಲ್ಲದ ಹಸುಗೂಸನ್ನು ಹೊತ್ತು ಕಣಿವೆ ದಾಟುತ್ತಿದ್ದ. ಜುಮ್ರದ್ ಕೈಚಾಚಿ ಆ ಕೂಸನ್ನು ತೆಗೆದುಕೊಂಡು ಎದೆಗಿಟ್ಟುಕೊಂಡಳು, ಅಷ್ಟೇ. ಅವಳ ಮನಸ್ಸಿನಲ್ಲಿ ಬೇರೆ ಲೆಕ್ಕಾಚಾರ ಇರಲಿಲ್ಲ. ಲೆಕ್ಕಾಚಾರ ಮಾಡಿದವನು ತುಲುನ್ ಬೇಗ್. ಒಬ್ಬ ಹೆಂಗಸಿನ ಎದೆಹಾಲು ಕುಡಿದ ಮೇಲೆ ಆ ಕೂಸು ಅವಳಿಗೆ ಮಗ, ಅವಳ ಮಕ್ಕಳಿಗೆಲ್ಲ ಒಡಹುಟ್ಟಿದವ. ಆ ಮನೆಯ ಮೇಲೆ ಕತ್ತಿಯೆತ್ತಿದರೆ ತಾಯಿಯ ಮೇಲೆ ಎತ್ತಿದಂತೆ. ಇದು ಕಣಿವೆಯ ಕುರುಬನಿಗೂ ಗೊತ್ತಿದ್ದ ವಿಷಯ. ಆದರೆ ಅದರಿಂದ ಕೋಟೆ ಕಟ್ಟಬಹುದು ಎಂದು ಹೊಳೆದದ್ದು ಅವನೊಬ್ಬನಿಗೆ.

ಆಮೇಲೆ ಯಾವ ಬೇಗನ ಮನೆಯಲ್ಲಿ ಗಂಡು ಹುಟ್ಟಿದರೂ ಅಕ್‌ಬುಲಾಕಿನಿಂದ ಕುದುರೆ ಹೋಗುತ್ತಿತ್ತು, ಉಡುಗೊರೆ ಹೋಗುತ್ತಿತ್ತು, "ಕೂಸನ್ನ ಒಂದ್ಸಲ ನಮ್ಮ ಬೀಬಿ ಮಡಿಲಿಗೆ ತನ್ನಿ" ಎಂಬ ಕರೆ ಹೋಗುತ್ತಿತ್ತು. ಜುಮ್ರದಳಿಗೆ ಹಾಲು ಬತ್ತದಂತೆ ಬಾರ್ಲಿ ಗಂಜಿ, ಅಕ್ರೋಟು, ಕುರಿಯ ಬಾಲದ ಕೊಬ್ಬು. ಸೆವಿಂಚ್ ಹುಟ್ಟುವ ಮುಂಚೆಯೂ ಹೀಗೇ, ಹುಟ್ಟಿದ ಮೇಲೂ ಹೀಗೇ. "ಬೇರೆಯವ್ರು ಗೋಡೇನ ಕಲ್ಲಲ್ಲಿ ಕಟ್ಟಿದ್ರು, ನಾನು ಹಾಲಲ್ಲಿ ಕಟ್ದೆ" ಎಂದು ಬೇಗ್ ಕುಮಿಸ್ ಕುಡಿದು ಹಗುರವಾದಾಗಲೆಲ್ಲ ಹೇಳುತ್ತಿದ್ದ. ಕುದುರೆಹಾಲಿನ ಹುಳಿ ಮೀಸೆಗೆ ಅಂಟಿಕೊಂಡಿರುತ್ತಿತ್ತು. ಕೇಳುತ್ತ ಕೂತ ಜುಮ್ರದ್, ಆ ಗೋಡೆಗೆ ತಾನೇ ಗಣಿಯೆಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ಆದರೂ ಆ ಕೂಸುಗಳ ಒಂದೊಂದು ಬಾಯಿಯ ಬಿಸಿಯೂ ಅವಳಿಗೆ ನೆನಪಿತ್ತು. ಕನಸಿನಲ್ಲಿ ಎಲ್ಲವೂ ಒಂದೇ ಕೂಸಾಗಿ ಬರುತ್ತಿದ್ದವು, ಅವಳ ಮೊದಲ ಮಗನ ಮುಖ ಹೊತ್ತು.

ಸೆವಿಂಚ್ ಹದಿನೇಳಕ್ಕೆ ಬಂದ ಆ ಬೇಸಿಗೆಯಲ್ಲಿ, ಮಾಳಿಗೆಗಳ ಮೇಲೆಲ್ಲ ಜರದಾಳು ಹಣ್ಣು ಒಣಗಲು ಹರಡಿದ್ದ ಹೊತ್ತಿನಲ್ಲಿ, ಮಿರ್ಜಾನ ದೂತ ಬಂದ. ಕಣಿವೆಯ ಬೇಗರೆಲ್ಲ ಮಿರ್ಜಾನ ಅನ್ನ ತಿನ್ನುವವರು. ಅವನು ಕೊಟ್ಟ ಕೋಟೆಯನ್ನು ಅವನೇ ಕಿತ್ತುಕೊಳ್ಳಬಹುದು. ದೂತ ಕಲ್ಲಂಗಡಿ ತಿಂದ, ಬೀಜಗಳನ್ನು ತಟ್ಟೆಯ ಅಂಚಿಗೆ ಒಪ್ಪವಾಗಿ ಸಾಲಾಗಿಟ್ಟ, ಬಾಯಿ ಒರೆಸಿಕೊಂಡು ಕೇಳಿದ:

"ಬೇಗ್, ನಿಮ್ಮ ಮಗಳ ರೊಟ್ಟಿ ಮುರಿದಾಯ್ತಾ?"

ಎರಡು ಮನೆಯವರು ಸೇರಿ ಒಂದು ರೊಟ್ಟಿ ಮುರಿದರೆ ಹೆಣ್ಣಿನ ಮಾತು ಮುಗಿದಂತೆ. ಮುರಿದ ರೊಟ್ಟಿಯನ್ನು ಮಿರ್ಜಾನೂ ಮುಟ್ಟುವಂತಿರಲಿಲ್ಲ.

"ಯಾಕೆ ಕೇಳ್ತೀರಿ?" ಎಂದ ತುಲುನ್ ಬೇಗ್.

"ಬಾಯಂದುರ್ ಬೇಗರ ಮನೆ ಖಾಲಿ ಇದೆ. ಮಿರ್ಜಾರಿಗೆ ಅವರ ಮೇಲೆ ಪ್ರೀತಿ ಜಾಸ್ತಿ. ನಿಮ್ಮ ಹುಡುಗಿ ಬೇರೆಯವರ ಪಾಲಾಗಿದ್ರೆ ಬಿಡಿ, ಯಾರ ರೊಟ್ಟಿಗೂ ಅವರು ಕೈ ಹಾಕೋದಿಲ್ಲ. ಇಲ್ಲಾಂದ್ರೆ ದ್ರಾಕ್ಷಿ ಕೊಯ್ಲಿಗೆ ನಾನು ಮತ್ತೆ ಬರ್ತೀನಿ, ಒಂಟೆ ಮೇಲೆ ಮದುವೆ ಉಡುಪು ಹೇರಿಕೊಂಡು."

ಪರದೆಯ ಹಿಂದೆ ಕೂತಿದ್ದ ಜುಮ್ರದಳ ಕೈಯಲ್ಲಿದ್ದ ಸೂಜಿ ನಿಂತಿತು. ಬಾಯಂದುರ್ ಬೇಗ್ ಮಿರ್ಜಾನ ಸೇನಾಪತಿ. ವಯಸ್ಸಿನಲ್ಲಿ ತುಲುನ್ ಬೇಗನಿಗಿಂತ ದೊಡ್ಡವನು. ಅವನು ಹೊಡೆಯುತ್ತಾನೆಂದು ಯಾರೂ ಹೇಳಿರಲಿಲ್ಲ. ಏನೂ ಹೇಳಿರಲಿಲ್ಲ, ಅದೇ ಹೆದರಿಕೆ. ಅವನ ಮನೆಗೆ ಹೋದ ಇಬ್ಬರು ಹೆಂಡಿರೂ ಅಲ್ಲಿಂದ ಒಮ್ಮೆಯೂ ತವರಿಗೆ ಬರಲಿಲ್ಲ, ಒಂದು ಮಾತು ಹೇಳಿ ಕಳಿಸಲಿಲ್ಲ. ಸತ್ತ ಸುದ್ದಿಯೂ ತಿಂಗಳುಗಟ್ಟಲೆ ತಡವಾಗಿ ಬಂತು. ಅಜ್ಜಿಯರ ಕತೆಗಳಲ್ಲಿ ಬರುವ, ಬಾಗಿಲು ಒಳಕ್ಕೆ ಮಾತ್ರ ತೆರೆಯುವ ಬೆಟ್ಟದ ಹಾಗಿತ್ತು ಆ ಮನೆ.

ದೂತ ಕುದುರೆ ಹತ್ತಿದ ಮೇಲೆ ಗಂಡಹೆಂಡಿರು ಎದುರುಬದುರು ಕೂತರು. ಬೇಗ್ ಮೊದಲು ನಗುತ್ತಲೇ ಮಾತೆತ್ತಿದ.

"ಇದಕ್ಕೇನು ತಲೆಬಿಸಿ? ಕಣಿವೆಲಿ ಹುಡುಗ್ರಿಗೆ ಬರವಾ? ನಾಳೆನೇ ರೊಟ್ಟಿ ಮುರಿಸ್ತೀನಿ. ದಾರ್‌ಬಂದಿನ ಹುಡುಗ ಹೇಗೆ? ಒಳ್ಳೆ ಬಿಲ್ಲುಗಾರ."

"ಅವನು ನನ್ನ ಹಾಲು ಕುಡಿದಿದಾನೆ" ಎಂದಳು ಜುಮ್ರದ್.

"ಹೌದಲ್ವಾ. ಹೋಗ್ಲಿ, ಕರಾತೆಪೆಯ ಚಿಕ್ಕವನು?"

"ಅವನೂ ಕುಡಿದಿದಾನೆ. ಕಚ್ಚಿದ್ದ ಬೇರೆ. ನೀವೇ ನಕ್ಕಿದ್ರಿ, ಸಿಂಹದ ಮರಿ ಅಂತ."

"ಅವರ ಅಣ್ಣನ ಮಗ?"

"ಅವನ ತೊಟ್ಟಿಲು ಒಂದು ತಿಂಗಳು ಇಲ್ಲೇ ಇತ್ತಲ್ಲ."

ಬೇಗ್ ಒಂದೊಂದೇ ಹೆಸರು ಹೇಳಿದ. ಅವಳು ಒಂದೊಂದಕ್ಕೂ ತಲೆಯಾಡಿಸಿದಳು. ಹೆಸರುಗಳು ಮುಗಿಯುತ್ತಾ ಬಂದಂತೆ ಅವನ ದನಿ ಇಳಿಯಿತು. ಕೊನೆಗೆ ಅವನು ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತ. ಯಾವ ಮನೆಯ ಕಡೆ ನೋಡಿದರೂ ಮಗಳಿಗೆ ಅಲ್ಲಿ ಅಣ್ಣನೋ ತಮ್ಮನೋ. ಹಾಲಿನ ಗೋಡೆಯನ್ನು ಅಷ್ಟು ಚೆನ್ನಾಗಿ, ಒಂದು ಬಿರುಕೂ ಇಲ್ಲದಂತೆ ಕಟ್ಟಿದ್ದ. ಒಳಗೆ ಮಗಳು ಇದ್ದಾಳೆ, ಅವಳು ಒಂದು ದಿನ ಹೊರಗೆ ಹೋಗಬೇಕು ಎಂಬುದನ್ನೇ ಮರೆತಿದ್ದ.

"ಕಾಲಾಳುಗಳ ಮಕ್ಕಳಿಗೆ ಕೊಟ್ಬಿಡೋಣ" ಎಂದಳು ಅವಳು.

"ಮಿರ್ಜಾ ನಂಬ್ತಾನಾ? ಸೇನಾಪತಿನ ಬಿಟ್ಟು ಕುದುರೆ ಕಾಯೋನ ಮಗನಿಗೆ ಕೊಟ್ಟೆ ಅಂದ್ರೆ ಅವಮಾನ ಮಾಡ್ದೆ ಅಂತ ಇಬ್ಬರ ತಲೆನೂ ತೆಗೀತಾನೆ. ಸರಿಸಮಾನದ ಮನೆ ಬೇಕು, ಬೀಬಿ."

ಆಗ ಜುಮ್ರದಳಿಗೆ ಹಳೆಯದೊಂದು ಚಳಿಗಾಲ ನೆನಪಾಯಿತು.

"ಬಾಯಿ ತಿರುಗಿಸಿದ ಕೂಸು" ಎಂದಳು.

ನದಿಯಾಚೆಯ ಸಣ್ಣ ಕೋಟೆಯ ಸಾತಿಲ್ಮಿಶ್ ಬೇಗನ ಮಗ ಎಸೆನ್. ಸೆವಿಂಚ್ ಮೂರು ತಿಂಗಳ ಕೂಸಾಗಿದ್ದಾಗ ಅವನನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಜುಮ್ರದ್ ಎದೆಗೊಡ್ಡಿದಳು, ಕೂಸು ತುಟಿ ಬಿಗಿಹಿಡಿದು ಮುಖ ತಿರುಗಿಸಿತು. ಮತ್ತೆ ಒಡ್ಡಿದಳು, ಮತ್ತೆ ತಿರುಗಿಸಿತು. ಆ ಕೋಣೆಯಲ್ಲಿ ತುಂಬಿದ್ದ ಹೆಂಗಸರೆಲ್ಲ ನೋಡಿದರು. ತುಲುನ್ ಬೇಗನಿಗೆ ಅದು ದೊಡ್ಡ ಅವಮಾನ. ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಸಾತಿಲ್ಮಿಶ್‌ಗೂ ಅವಮಾನವೇ, ಹಿಮ ನಿಂತೊಡನೆ ಮಗನನ್ನು ಎತ್ತಿಕೊಂಡು ಹೊರಟುಹೋದ. ಅಲ್ಲಿಂದ ಈಚೆಗೆ ಎರಡು ಮನೆಯವರು ಸೇತುವೆಯ ಮೇಲೆ ಎದುರಾದರೆ ಗಡ್ಡ ಮುಟ್ಟಿಕೊಂಡು ದಾಟಿಹೋಗುತ್ತಿದ್ದರು.

ತುಲುನ್ ಬೇಗ್ ತೊಡೆ ತಟ್ಟಿ ಎದ್ದ. "ಆ ಹಠಮಾರಿ ಕೂಸಿಗೆ ಅಲ್ಲಾ ಸಾವಿರ ವರ್ಷ ಕೊಡ್ಲಿ!"

ಅವನು ಅದೇ ದಿನ, ಹದಿನಾರು ಹದಿನೇಳು ವರ್ಷದ ಮುನಿಸನ್ನು ಕೊಡವಿ, ಸೇತುವೆ ದಾಟಿದ. ಸಾತಿಲ್ಮಿಶ್ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮನಸಾರೆ ಆಡಿಕೊಂಡನಂತೆ: "ಬಾ ಬಾ, ಕಣಿವೆಗೆಲ್ಲ ಅಪ್ಪ! ನಮ್ಮ ಹುಡುಗನ ಬಾಯಿ ಅವತ್ತು ಸರಿ ಇರ್ಲಿಲ್ಲ, ಇವತ್ತು ಸರಿ ಹೋಯ್ತಾ?" ಆದರೆ ಸೇನಾಪತಿಯ ಹೆಸರು ಕೇಳಿದ ಮೇಲೆ ನಗು ನಿಲ್ಲಿಸಿದ. ಒಳಕ್ಕೆ ಕರೆದು ಕೂರಿಸಿದ. ಮುಂದಿನ ಶುಕ್ರವಾರ ರೊಟ್ಟಿ ಮುರಿಯುವುದೆಂದಾಯಿತು.

ಸೆವಿಂಚ್‌ಗೆ ಸುದ್ದಿ ಹೇಳಿದಾಗ ಅವಳು ಜರದಾಳು ಹಣ್ಣಿನ ಬೀಜ ಒಡೆಯುತ್ತಿದ್ದಳು. ಕಲ್ಲು ಕೆಳಗಿಟ್ಟು, "ಯಾರು, ನದಿಯಾಚೆ ಕಂದು ಕುದುರೆಯವನಾ?" ಎಂದಳು.

"ಕುದುರೆ ಬಣ್ಣ ನಿಂಗೆ ಹೇಗೆ ಗೊತ್ತೇ?"

"ಮಾಳಿಗೆ ಮೇಲೆ ಹಣ್ಣು ಹರಡೋಕೆ ನನ್ನೇ ತಾನೆ ಕಳಿಸ್ತೀರಿ? ಕಣ್ಣು ಕಟ್ಟಿಕೊಂಡು ಹರಡ್ಲಾ?" ಎಂದವಳು ಕಿವಿತನಕ ಕೆಂಪಾಗಿ, ಬೀಜದ ಬುಟ್ಟಿಯನ್ನೇ ಚೆಲ್ಲಿಕೊಂಡು, ಆರಿಸುವ ನೆಪದಲ್ಲಿ ಬಗ್ಗಿ ಕೂತುಬಿಟ್ಟಳು. ಎಷ್ಟೋ ಹೊತ್ತು ಮೇಲೆ ನೋಡಲಿಲ್ಲ. ಜುಮ್ರದ್ ಮಗಳ ಜಡೆಗಳ ನಡುವಿನ ಬೈತಲೆಯನ್ನು ನೋಡುತ್ತ ನಿಂತಳು. ತನ್ನ ಬದುಕಿನಲ್ಲಿ ಇಷ್ಟು ಹಗುರವಾದ ದಿನ ಯಾವುದಿತ್ತು ಎಂದು ನೆನಪಿಸಿಕೊಳ್ಳಲು ನೋಡಿ, ಸಿಗದೆ ಬಿಟ್ಟಳು.

ಗುರುವಾರ ಕುಮ್ರಿ ದಾಯಿ ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ಇಳಿದು ಬಂದಳು. ಜುಮ್ರದಳನ್ನು ಎತ್ತಿ ಆಡಿಸಿದವಳು, ಮದುವೆಯಲ್ಲಿ ಅವಳ ಜೊತೆಗೇ ಈ ಕೋಟೆಗೆ ಬಂದವಳು, ಸೆವಿಂಚಳ ಹೊಕ್ಕುಳಬಳ್ಳಿ ಕತ್ತರಿಸಿದವಳು. ಬೇಸಿಗೆಯಿಡೀ ಮೇಲಿನ ಗುಡಾರಗಳಲ್ಲಿ ಮೊಸರುಗಟ್ಟಿ ಒಣಗಿಸುತ್ತಾ ಇರುತ್ತಿದ್ದಳು. ಮದುವೆಯ ಮಾತು ಎಂದಷ್ಟೇ ಕೇಳಿ ಕತ್ತೆಯ ಬೆನ್ನೇರಿ ಬಂದಿದ್ದಳು.

"ಯಾರ ಮನೆಗೆ ಹೋಗ್ತಾಳೆ ನನ್ನ ಗಿಣಿ?" ಎಂದು ಕೇಳುತ್ತಲೇ ಹೊಸಿಲು ದಾಟಿದಳು. ಸಾತಿಲ್ಮಿಶನ ಮಗ ಎಂದು ಜುಮ್ರದ್ ಹೇಳಿದಳು.

ದಾಯಿ ಕತ್ತೆಯ ಚೀಲದಿಂದ ಮೊಸರುಗಟ್ಟಿ ತೆಗೆಯುತ್ತಿದ್ದವಳು ತೆಗೆಯುವುದನ್ನು ನಿಲ್ಲಿಸಿದಳು.

"ಅವನು ಆಗಲ್ಲ ಮಗಾ."

"ಯಾಕಾಗಲ್ಲ? ಅವನೊಬ್ಬನೇ ಆಗೋನು. ಅವನು ಹಾಲು ಕುಡೀಲಿಲ್ಲ, ನೀನೂ ಅಲ್ಲೇ ಇದ್ದೆ."

ಮುದುಕಿ ಮೆಲ್ಲಗೆ ನೆಲಕ್ಕೆ ಕೂತಳು. ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ.

"ನಿನ್ನೆದೆಯಿಂದ ಕುಡೀಲಿಲ್ಲ" ಎಂದಳು. "ಅವತ್ತು ಆ ಕೂಸು ಮುಖ ತಿರುಗಿಸ್ತಲ್ಲ, ನಂಗೆ ಜೀವ ಹೋದಂಗಾಯ್ತು. ಬಂದ ಕೂಸು ಬೇಡ ಅಂದ ಹಾಲು ಮನೆ ಕೂಸಿಗೆ ವಿಷ ಆಗುತ್ತೆ ಅಂತ ನಮ್ಮ ಕಡೆ ಹೇಳ್ತಾರೆ. ಎರಡು ಗಂಡು ಹೋಗಿದ್ವು. ತೊಟ್ಟಿಲಲ್ಲಿ ಇವಳೊಬ್ಬಳು ಉಳಿದಿದ್ದಳು. ನಿಂಗೆ ಎದೆ ಕಟ್ಟಿಕೊಂಡು ನೋವು ಅಂತ ಬೆಳಗಿನ ಜಾವ ಬಟ್ಟಲಿಗೆ ಹಿಂಡಿಸಿದೆ, ನೆನಪಿದೆಯಾ? ಆ ಬಟ್ಟಲಲ್ಲಿ ಹತ್ತಿ ಅದ್ದಿದೆ. ಆ ಕೂಸು ನಿದ್ದೆಲಿತ್ತು. ತುಟಿಗಿಟ್ಟೆ. ಚೀಪಿತು. ಇನ್ನೊಂದ್ಸಲ ಅದ್ದಿಟ್ಟೆ, ಅದನ್ನೂ ಚೀಪಿತು. ನುಂಗಿದ್ದು ನಾನು ಕಣ್ಣಾರೆ ಕಂಡೆ."

ಜುಮ್ರದಳಿಗೆ ಬಟ್ಟಲು ನೆನಪಿತ್ತು. ಅದರ ಅಂಚಿನ ನೀಲಿ ಗೆರೆಯೂ ನೆನಪಿತ್ತು.

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ಬೇರೆಯವ್ರ ಕೂಸಿಗೆ ಅಪ್ಪ ಅಮ್ಮನ್ನ ಕೇಳದೆ ಹಾಲು ಹಾಕೋದು ಕಳ್ಳತನ ಅಲ್ವಾ? ಅವನಪ್ಪ ಕತ್ತಿ ಹಿಡ್ಕೊಂಡು ಬಂದಿದ್ರೆ? ಹುಡುಗಿ ಉಳಿದಳು. ನಂಗೆ ಅಷ್ಟು ಸಾಕಿತ್ತು."

"ನೀನು ಮುದುಕಿ ಆಗಿದೀಯ. ಕನಸು ಕಂಡಿರ್ತೀಯ."

"ಮುದುಕಿ ಹೌದು, ಮಗಾ. ಹುಚ್ಚಿ ಅಲ್ಲ."

ಜುಮ್ರದ್ ಅವಳ ಎರಡೂ ಕೈ ಹಿಡಿದುಕೊಂಡಳು. ಸೇನಾಪತಿಯ ಮನೆಯ ವಿಷಯ ಹೇಳಿದಳು, ಒಂಟೆಯ ಮೇಲೆ ಬರುವ ಮದುವೆ ಉಡುಪಿನ ವಿಷಯ ಹೇಳಿದಳು, ಮಗಳು ಬೀಜದ ಬುಟ್ಟಿ ಚೆಲ್ಲಿಕೊಂಡದ್ದನ್ನು ಹೇಳಿದಳು. ಎರಡು ಹನಿ, ಒಂದು ಚೂರು ಹತ್ತಿ, ಅದನ್ನು ಕಂಡದ್ದು ಒಬ್ಬ ಮುದುಕಿ. ಮರೆತುಬಿಡು ಎಂದಳು. ಕುಮ್ರಿ ಕೈ ಬಿಡಿಸಿಕೊಂಡು, "ನಾನಾಗಿ ಬಾಯಿ ಬಿಡಲ್ಲ. ಕೇಳಿದ್ರೆ ಸುಳ್ಳು ಹೇಳೋಕೆ ನಂಗೆ ಇನ್ನು ಆಯುಸ್ಸು ಉಳಿದಿಲ್ಲ" ಎಂದಳು.

ಹನಿಯಾದರೇನು, ಕೊಡವಾದರೇನು; ಹಾಲು ಗಂಟಲಿಳಿದರೆ ಒಡಹುಟ್ಟು. ಇದನ್ನು ಜುಮ್ರದಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಷ್ಟು ವರ್ಷ ಅವಳ ಗಂಡನ ಕೋಟೆ ನಿಂತದ್ದೇ ಆ ಕಟ್ಟಳೆಯ ಮೇಲೆ.

ಶುಕ್ರವಾರ ನಮಾಜು ಮುಗಿದ ಮೇಲೆ ದೊಡ್ಡ ಕೋಣೆ ತುಂಬಿತು. ಪರದೆಯ ಆಚೆ ಗಂಡಸರು, ಈಚೆ ಹೆಂಗಸರು. ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಬಿಳಿ ಬಟ್ಟೆಯ ಮೇಲಿಟ್ಟಿದ್ದರು, ಕುದುರೆಯ ಗೊರಸಿನಷ್ಟು ದಪ್ಪ ಅಂಚಿನದು, ನಡುವೆ ಎಳ್ಳು. ಪರದೆಯ ಸಂದಿನಿಂದ ಎಸೆನ್ ಕಾಣುತ್ತಿದ್ದ. ಇನ್ನೂ ಸರಿಯಾಗಿ ಮೂಡದ ಮೀಸೆ, ಹೊಸ ನಿಲುವಂಗಿ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಪದೇ ಪದೇ ನಡುಪಟ್ಟಿ ಸರಿಮಾಡಿಕೊಳ್ಳುವ ಹುಡುಗ.

"ಪಟ್ಟಿ ಬಿಚ್ಚಿಹೋಗುತ್ತೆ ಮಾರಾಯಾ, ಬಿಡು!" ಎಂದು ಯಾರೋ ಕೂಗಿದರು. ನಗು ಎದ್ದಿತು. ಪರದೆಯ ಈಚೆ ಸೆವಿಂಚ್ ಓಲೆ ಅಲುಗುವಷ್ಟು ನಕ್ಕಳು.

ಕಾಜಿ ಗಂಟಲು ಸರಿಮಾಡಿಕೊಂಡ. "ಈ ಕಣಿವೆಲಿ ರೊಟ್ಟಿ ಮುರಿಯೋ ಮುಂಚೆ ನಾನೊಂದು ಮಾತು ಕೇಳಲೇಬೇಕು, ಬೇಗ್, ನಿಮ್ಮ ದಯೆಯಿಂದ." ಮತ್ತೆ ನಗು. "ಬೀಬಿ, ಹುಡುಗ ಹುಡುಗಿ ನಡುವೆ ಹಾಲು ಇದೆಯಾ?"

"ಇಲ್ಲ" ಎಂದಳು ಜುಮ್ರದ್. ದನಿ ಸರಿಯಾಗಿಯೇ ಬಂತು.

"ಹಠಮಾರಿ ಕೂಸಿನ ಕತೆ ನಮಗೆಲ್ಲ ಗೊತ್ತು" ಎಂದ ಸಾತಿಲ್ಮಿಶ್. "ಬೇಗ ಮುಗಿಸಿ, ಕಾಜಿ ಸಾಹೇಬ್ರೇ, ಪಲಾವು ಆರುತ್ತೆ."

"ಕ್ರಮ ಕ್ರಮವೇ. ಎರಡನೇ ಸಲ. ಬೀಬಿ, ಹಾಲು ಇದೆಯಾ?"

"ಇಲ್ಲ."

ಎರಡನೆಯದೂ ಬಂತು. ಇನ್ನೊಂದು ಮಾತು, ಒಂದು ಉಸಿರಿನಷ್ಟು ಮಾತು, ಅಷ್ಟಾದರೆ ಮಗಳು ಸೇತುವೆಯಾಚೆ ಇರುತ್ತಾಳೆ. ಮಾಳಿಗೆ ಹತ್ತಿದರೆ ಅವಳ ಒಲೆಯ ಹೊಗೆ ಕಾಣುತ್ತದೆ. ಜುಮ್ರದ್ ಆ ಹೊಗೆಯನ್ನು ಕಂಡಳು. ಅದರ ಕೆಳಗೆ ಒಂದು ತೊಟ್ಟಿಲನ್ನೂ ಕಂಡಳು, ಅದರಲ್ಲಿ ಮಲಗಿದ್ದ ಕೂಸನ್ನೂ. ಅಣ್ಣತಂಗಿಯ ಕೂಸು. ಅದಕ್ಕೆ ಅವಳ ಮೊದಲ ಮಗನ ಮುಖವೇ ಇತ್ತು, ಕಣ್ಣು ಮುಚ್ಚಿತ್ತು.

"ಮೂರನೇ ಸಲ" ಎಂದ ಕಾಜಿ.

ಹತ್ತಾರು ವರ್ಷ ಬತ್ತಿಹೋಗಿದ್ದ ಎದೆಯಲ್ಲಿ ಚುಳ್ಳೆಂದು ಒಂದು ನೋವು ಎದ್ದು ತೋಳಿನವರೆಗೆ ಹರಿಯಿತು. ಬಾಯಿ ತೆರೆದಳು. ಬರಲಿಲ್ಲ.

"ತಾಯಿ ನಾಚ್ಕೊಂಡ್ಳು!" ಎಂದು ಹಿಂದಿನ ಸಾಲಿನ ಹೆಂಗಸೊಬ್ಬಳು ನಕ್ಕಳು. "ಮಗಳಿಗಿಂತ ಇವಳೇ ಮದುಮಗಳಾದ್ಲು."

ಸೆವಿಂಚ್ ತಿರುಗಿ ನೋಡಿದಳು. ಇನ್ನೂ ನಗುತ್ತಲೇ ಇದ್ದಳು. "ಹೇಳಮ್ಮಾ" ಎಂದು ತಾಯಿಯ ಮೊಣಕೈ ತಟ್ಟಿದಳು.

"ಕುಮ್ರೀನ ಕೇಳಿ" ಎಂದಳು ಜುಮ್ರದ್.

ಅಷ್ಟು ಮಾತ್ರ ಅವಳಿಂದಾದದ್ದು. ಸುಳ್ಳು ಹೇಳಲಾಗಲಿಲ್ಲ, ನಿಜ ಹೇಳುವ ಧೈರ್ಯವೂ ಆಗಲಿಲ್ಲ. ಮುದುಕಿಯೊಬ್ಬಳ ತಲೆಯ ಮೇಲೆ ಎತ್ತಿಹಾಕಿ ಕಣ್ಣು ಮುಚ್ಚಿಕೊಂಡಳು. ಕುಮ್ರಿ ದಾಯಿ ಹತ್ತಿಯ ಚೂರಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ, ಸ್ಪಷ್ಟವಾದ ದನಿಯಲ್ಲಿ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಪಲಾವಿನ ಕೊಪ್ಪರಿಗೆಯ ಮುಚ್ಚಳ ಕುದಿಯುವ ಸದ್ದು ಅಂಗಳದಿಂದ ಕೋಣೆಯೊಳಗೆ ಕೇಳುತ್ತಿತ್ತು.

"ಯಾರು ಹೇಳಿದ್ರೇ ನಿಂಗೆ ಹಾಗೆ ಮಾಡು ಅಂತ?" ತುಲುನ್ ಬೇಗ್ ಪರದೆಯನ್ನೇ ಕಿತ್ತೆಸೆದು ಬಂದ. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಧಣಿ. ನೀವು ಗೋಡೆಗೆ ಮುಖ ಮಾಡ್ಕೊಂಡು ಮಲಗಿದ್ರಿ. ಬೀಬಿ ಅಳ್ತಿದ್ಲು. ಮಗು ತೊಟ್ಟಿಲಲ್ಲಿತ್ತು. ನಾನೊಬ್ಬಳೇ ಎದ್ದಿದ್ದೆ."

ಎತ್ತಿದ ಕೈ ಅಲ್ಲೇ ನಿಂತಿತು. ಕಾಜಿ ನೆಲ ನೋಡುತ್ತ ಹೇಳಿದ: "ಕಟ್ಟಳೆ ಪ್ರಕಾರ ಒಬ್ಬ ಹೆಂಗಸಿನ ಸಾಕ್ಷಿ ಸಾಲದು. ನೀವು ಮಾಡಲೇಬೇಕು ಅಂದ್ರೆ ನಾನು ತಡೆಯೋಕಾಗಲ್ಲ. ಆದ್ರೆ ಈ ರೊಟ್ಟಿಗೆ ನನ್ನ ಕೈ ಬರಲ್ಲ. ಯಾರಿಗೆ ಬರುತ್ತೋ ಅವರು ಮುರೀಲಿ."

ರೊಟ್ಟಿ ನಡುವೆ ಇತ್ತು. ತುಲುನ್ ಬೇಗ್ ಅದರ ಕಡೆ ಒಂದು ಹೆಜ್ಜೆ ಇಟ್ಟ. ತನ್ನ ಹಾಲುಮಕ್ಕಳ ಹೆಸರೆತ್ತಿ ಎಷ್ಟು ಜನರ ಬಾಯಿ ಕಟ್ಟಿದ್ದ, ಎಷ್ಟು ಯುದ್ಧ ನಿಲ್ಲಿಸಿದ್ದ. ಈ ಎರಡು ಹನಿ ಹಾಲಲ್ಲ ಎಂದುಬಿಟ್ಟರೆ ಇನ್ನಾವುದೂ ಹಾಲಲ್ಲ. ಅವನು ಬಗ್ಗಲಿಲ್ಲ.

ಸಾತಿಲ್ಮಿಶ್ ಎದ್ದು ನಿಂತ. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯುವಂತಿರಲಿಲ್ಲ. "ಅಂತೂ ನಮ್ಮ ಹುಡುಗನ್ನೂ ಬಿಡ್ಲಿಲ್ಲ ನೀನು, ತುಲುನ್. ಅವನೂ ನಿನ್ನ ಗೋಡೆ ಸೇರ್ದ. ಮುಬಾರಕ್." ಮಗನ ತೋಳು ಹಿಡಿದು ಎಬ್ಬಿಸಿದ. ಎಸೆನ್ ಎದ್ದ. ಏನಾಯಿತೆಂದು ಪೂರ್ತಿ ತಿಳಿಯದವನ ಹಾಗೆ ಕಿತ್ತುಬಿದ್ದ ಪರದೆಯ ಆಚೆ ನೋಡಿದ. ಸೆವಿಂಚ್ ನೋಡಲಿಲ್ಲ. ಅವಳು ಓಲೆಗಳನ್ನು ಬಿಚ್ಚಿ, ಒಂದರ ಪಕ್ಕ ಒಂದು, ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಆಮೇಲೆ ಅವಳು ತಾಯಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಸಲ 'ಇಲ್ಲ' ಅಂದಿದ್ರೆ ಆಗ್ತಿತ್ತಲ್ವಾ ಅಮ್ಮಾ?" ಎಂದು ಒಮ್ಮೆ ಮಾತ್ರ, ಹಿಟ್ಟು ನಾದುತ್ತ ಕೇಳಿದಳು. ಕೇಳಿದ ಬೆನ್ನಿಗೇ, "ಇಲ್ಲ ಬಿಡು. ಆಗ್ತಿರ್ಲಿಲ್ಲ" ಎಂದು ತಾನೇ ಹೇಳಿಕೊಂಡು ಹಿಟ್ಟಿನ ಉಂಡೆಯನ್ನು ತಿರುವಿಹಾಕಿದಳು.

ತುಲುನ್ ಬೇಗನಿಗೆ ಇನ್ನೊಂದು ಆಸೆ ಉಳಿದಿತ್ತು. ಹಾಲುಮಕ್ಕಳ ಕೋಟೆಗಳಿಗೆಲ್ಲ ಸವಾರರನ್ನು ಅಟ್ಟಿದ. 'ನಿಮ್ಮ ತಂಗಿಯನ್ನು ಎಳೆದೊಯ್ಯಲು ಬರುತ್ತಿದ್ದಾರೆ. ಬನ್ನಿ' ಎಂದು ಹೇಳಿಕಳಿಸಿದ. ಅವರೆಲ್ಲ ಒಟ್ಟಾಗಿ ಬಾಗಿಲಲ್ಲಿ ನಿಂತರೆ ಮಿರ್ಜಾನ ದೂತನಾಗಲಿ, ಸೇನಾಪತಿಯೇ ಆಗಲಿ, ಹಿಂದಕ್ಕೆ ತಿರುಗಲೇಬೇಕಿತ್ತು. ಇದಕ್ಕಾಗಿಯೇ ಅಲ್ಲವೇ ಅವನು ಇಷ್ಟು ವರ್ಷ ಗೋಡೆ ಕಟ್ಟಿದ್ದು!

ಅವರು ಬಂದರು. ದ್ರಾಕ್ಷಿಯ ಗೊಂಚಲು ಬಣ್ಣ ತಿರುಗುವ ಹೊತ್ತಿಗೆ ಒಬ್ಬೊಬ್ಬರಾಗಿ, ಉಕ್ಕಿನ ಅಂಗಿ ತೊಟ್ಟು, ಒಳ್ಳೊಳ್ಳೆಯ ಕುದುರೆ ಏರಿ ಬಂದರು. ಜುಮ್ರದಳ ಅಂಗೈಯನ್ನು ಕಣ್ಣಿಗೊತ್ತಿಕೊಂಡು "ಅಮ್ಮಾ" ಎಂದರು. ಮತ್ತೆ ಒಬ್ಬೊಬ್ಬರೂ ಚೀಲ ಬಿಚ್ಚಿ ರೇಷ್ಮೆಯ ಥಾನು, ಬೆಳ್ಳಿಯ ನಡುಪಟ್ಟಿ, ಕಸೂತಿಯ ಜೀನು ತೆಗೆದಿಟ್ಟರು. ತಂಗಿಯ ಮದುವೆಗೆ ಅಣ್ಣಂದಿರು ತರುವ ಉಡುಗೊರೆ.

ಕರಾತೆಪೆಯವನು, ಹಿಂದೆ ಕಚ್ಚಿದವನು, ಬೇಗನ ಮುಂದೆ ಮಂಡಿಯೂರಿ ಕೂತ. "ಅಪ್ಪಾ, ನಿಮ್ಮ ಮೇಲೆ ಯಾರು ಕತ್ತಿ ಎತ್ತಿದ್ರೂ ನನ್ನ ಕುತ್ತಿಗೆ ಮುಂದಿರುತ್ತೆ. ಆದ್ರೆ ಮಿರ್ಜಾ ಕತ್ತಿ ಎತ್ತಿಲ್ಲ, ಹೆಣ್ಣು ಕೇಳಿದಾರೆ. ಏನಂತ ಜಗಳ ಆಡ್ಲಿ? ನನ್ನ ಅಣ್ಣ ಅವರ ಅರಮನೆಲಿದಾನೆ, ಒತ್ತೆಯಾಳಾಗಿ."

"ನನ್ನ ಮಗ ಅಲ್ಲಿದಾನೆ" ಎಂದ ಇನ್ನೊಬ್ಬ.

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ಕೆಲವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ತುಲುನ್ ಬೇಗ್ ಎಲ್ಲರ ಮಾತನ್ನೂ ಕೇಳಿದ, ಎಲ್ಲರಿಗೂ ಊಟ ಹಾಕಿಸಿದ. ಆಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲೆಳೆದುಕೊಂಡ.

ಒಂಟೆಗಳು ಬಂದವು. ಮದುವೆ ಉಡುಪು ಬಂತು. ದೂತ ಅದೇ ಹಳೆಯ ಒಪ್ಪದಿಂದ ಎಲ್ಲವನ್ನೂ ಎಣಿಸಿ ಇಳಿಸಿಕೊಟ್ಟ. ಬಾಯಂದುರ್ ಬೇಗ್ ಬಂದಿರಲಿಲ್ಲ, ಸವಾರರನ್ನು ಕಳಿಸಿದ್ದ. ಸೆವಿಂಚಳ ಮುಖಕ್ಕೆ ಕುದುರೆ ಕೂದಲಿನ ಕಪ್ಪು ಜಾಲರಿ ಇಳಿಬಿಟ್ಟರು.

ಅಂಗಳದಲ್ಲಿ ಕುದುರೆ ಸಿದ್ಧವಾಗಿತ್ತು. ಮದುಮಗಳನ್ನು ಕುದುರೆಗೆ ಹತ್ತಿಸುವುದು ಒಡಹುಟ್ಟಿದವರ ಕೆಲಸ. ಒಬ್ಬ ಲಗಾಮು ಹಿಡಿಯಬೇಕು, ಎಲ್ಲರಿಗಿಂತ ಕೊನೆಗೆ ಸೇರಿದ ಸೋದರ ಕೈಯೊಡ್ಡಿ ಅವಳ ಪಾದ ಎತ್ತಬೇಕು. ಹಾಲುಮಕ್ಕಳು ಸಾಲಾಗಿ ನಿಂತರು. ದೂತ ಸಾಲಿನ ಮೇಲೆ ಕಣ್ಣಾಡಿಸಿ, "ಕೊನೆಯವರು ಯಾರು?" ಎಂದ.

ಎಸೆನ್ ಮುಂದೆ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಕಣಿವೆಗೆಲ್ಲ ತಿಳಿದ ಮೇಲೆ ಬಾರದೇ ಇದ್ದರೆ ಅವನು ಅಣ್ಣನಲ್ಲ ಎಂದಾಗುತ್ತಿತ್ತು. ಅಣ್ಣನಲ್ಲದವನು ಅವಳಿಗಾಗಿ ಮಿಡುಕಿದ ಎಂಬ ಮಾತು ಸೇನಾಪತಿಯ ಕಿವಿಗೆ ಬಿದ್ದರೆ ಅವಳ ಗತಿಯೇನು? ಅದನ್ನೆಲ್ಲ ಯೋಚಿಸಿಯೇ ಬಂದಿದ್ದ ಎಂಬುದು ಅವನ ಮುಖದಲ್ಲಿತ್ತು. ಅವನು ಕುದುರೆಯ ಪಕ್ಕದಲ್ಲಿ ಮಂಡಿಯೂರಿ ಎರಡು ಅಂಗೈಗಳನ್ನು ಜೋಡಿಸಿ ಒಡ್ಡಿದ.

ಸೆವಿಂಚ್ ಪಾದ ಇಡದೆ ನಿಂತಳು. ಜಾಲರಿಯ ಹಿಂದೆ ಅವಳ ಮುಖ ಕಾಣುತ್ತಿರಲಿಲ್ಲ. ಸವಾರರು ನೋಡುತ್ತಿದ್ದರು.

"ಬೂಟಿಗೆ ಮಣ್ಣಿದೆ" ಎಂದಳು.

"ಇರ್ಲಿ" ಎಂದ ಎಸೆನ್.

"ಸರಿ, ಎತ್ತು ಅಣ್ಣಾ" ಎಂದಳು ಅವಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಅವನು ಎತ್ತಿದ. ಅವಳು ಜೀನಿನ ಮೇಲೆ ಕೂತಳು. ಅವನು ಬಹಳ ಹೊತ್ತು ಎದ್ದು ನಿಲ್ಲಲಿಲ್ಲ; ದಾರ್‌ಬಂದಿನವನು ಬಗ್ಗಿ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಾಯಿತು.

ಜುಮ್ರದ್ ಮಾಳಿಗೆ ಹತ್ತಿದಳು. ಕುಮ್ರಿ ದಾಯಿ ಅವಳ ಹಿಂದೆ ಮೆಟ್ಟಿಲು ಹತ್ತಲಾರದೆ ನಡುವಿನಲ್ಲೇ ಕೂತಳು. ಕೆಳಗೆ ಮೆರವಣಿಗೆ ಹಿಪ್ಪುನೇರಳೆ ಸಾಲು ದಾಟಿತು. ನಡುವೆ ಕಪ್ಪು ಜಾಲರಿ, ಸುತ್ತಲೂ ಗಡಿಯವರೆಗೆ ತಂಗಿಯನ್ನು ಕಾಯುತ್ತ ಹೋಗುವ ಅಣ್ಣಂದಿರು, ಬಿಸಿಲಿಗೆ ಮಿರುಗುವ ಉಕ್ಕಿನ ಅಂಗಿಗಳು. ಅವಳ ಎದೆಯಿಂದ ಇಳಿದ ಹಾಲೆಲ್ಲ ಕುದುರೆಯೇರಿ, ಆಯುಧ ಹಿಡಿದು, ಅವಳ ಮಗಳನ್ನು ಸುತ್ತುವರಿದು ಹೋಗುತ್ತಿತ್ತು. ಅಷ್ಟೂ ಹಾಲು ಸೇರಿ ಆ ಒಂದು ಕುದುರೆಯ ಮುಖವನ್ನು ಹಿಂದಕ್ಕೆ ತಿರುಗಿಸಲಾರದು. ಧೂಳು ಎದ್ದು, ಹರಡಿ, ಹೊಲಗಳ ಮೇಲೆ ಕೂತಿತು.

ಇಳಿದು ಬಂದಾಗ ತುಲುನ್ ಬೇಗನ ಕೋಣೆಯ ಬಾಗಿಲು ಬೆರಳಗಲ ತೆರೆದಿತ್ತು. ಅವನು ಹೊರಗೆ ಬರಲಿಲ್ಲ. ಒಳಗಿನಿಂದಲೇ ಕೇಳಿದ:

"ಎಲ್ಲರೂ ಬಂದಿದ್ರಾ?"

ಜುಮ್ರದ್ ಗೋಡೆಗೆ ಒರಗಿದಳು.

"ಎಲ್ಲರೂ ಬಂದಿದ್ರು" ಎಂದಳು. "ಒಬ್ಬನೂ ತಪ್ಪಿಸ್ಲಿಲ್ಲ."